ಸ್ಪ್ಯಾನಿಷ್ ಮಾತಾಡೋರಿಗೆ ಇಂಗ್ಲಿಷ್ ವ್ಯಾಕರಣ ಕಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಹಾಸನದ_ಕಾಫಿ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸ್ಕೊಳ್ಳಿ.

ನಾನಿರೋದು ಟೆಕ್ಸಾಸ್‌ನಲ್ಲಿ, ಸ್ಯಾನ್ ಆಂಟೋನಿಯೋ ಹತ್ರ. ಇಲ್ಲಿ ಅಂಗಡಿ ಬೋರ್ಡಿನಿಂದ ಹಿಡಿದು ರೇಡಿಯೋವರೆಗೆ ಇಂಗ್ಲಿಷಿನ ಪಕ್ಕದಲ್ಲೇ ಸ್ಪ್ಯಾನಿಷ್. ನಮ್ಮ ಏರಿಯಾದ ಲೈಬ್ರರಿಯಲ್ಲಿ ಮಂಗಳವಾರ, ಗುರುವಾರ ಸಂಜೆ ದೊಡ್ಡವರಿಗೆ ಪುಕ್ಕಟೆ ಇಂಗ್ಲಿಷ್ ಕ್ಲಾಸ್ ನಡೆಯುತ್ತೆ. ಪಾಠ ಹೇಳೋಕೆ ಜನ ಬೇಕು ಅಂತ ಚೀಟಿ ಅಂಟಿಸಿದ್ರು. ಹೆಂಡತಿ ನನ್ನನ್ನ ಒಂದು ಮಾತೂ ಕೇಳದೆ ನನ್ನ ಹೆಸರು ಬರೆದು ಬಂದ್ಲು. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಪಾಠ ಹೇಳಿದ ಅನುಭವ ಸೊನ್ನೆ.

ಕ್ಲಾಸಿಗೆ ಬರೋರು 14 ಜನ. ಹೆಚ್ಚಿನವರು ಮೆಕ್ಸಿಕೋದವರು, ಇಬ್ಬರು ಹೊಂಡುರಾಸ್, ಒಬ್ಬಾಕೆ ವೆನೆಜುವೆಲಾ. ಗಾರೆ ಕೆಲಸದವರಿದ್ದಾರೆ, ಹೋಟೆಲ್ ರೂಮ್ ಕ್ಲೀನ್ ಮಾಡೋರಿದ್ದಾರೆ. ವೆನೆಜುವೆಲಾದಾಕೆ ಊರಲ್ಲಿ ದಂತವೈದ್ಯೆ, ಇಲ್ಲಿ ಬೇರೆಯವರ ಮಕ್ಕಳನ್ನ ನೋಡ್ಕೊಳ್ತಾರೆ. ಮೊದಲನೇ ದಿನ ನಾನು ನಮ್ಮ ಮೇಷ್ಟ್ರು ಹೇಳಿಕೊಟ್ಟ ಹಾಗೇ ಹನ್ನೆರಡು ಮನೆಯ ಟೆನ್ಸ್ ಚಾರ್ಟ್ ಬರೆದೆ. ಬೋರ್ಡ್ ತುಂಬಿ ಗೋಡೆಗೆ ಬರೋದೊಂದು ಬಾಕಿ. ಗುರುವಾರ 9 ಜನ ಬಂದ್ರು.

ಆಗ ಚಾರ್ಟ್ ಪಕ್ಕಕ್ಕಿಟ್ಟು, ಮಗಳಿಗೆ ಹುಷಾರಿಲ್ಲ ಅಂತ ಶಾಲೆಗೆ ಚೀಟಿ ಬರೀರಿ ಅಂದೆ. ಹೋಟೆಲಲ್ಲಿ ಕೆಲಸ ಮಾಡೋ ಒಬ್ಬ ತಾಯಿ ಬರೆದಿದ್ದು ಹೀಗೆ:

‘ಇಸ್ ಸಿಕ್ ಮೈ ಡಾಟರ್. ಹ್ಯಾಸ್ ಫೀವರ್. ನೋ ಕ್ಯಾನ್ ಗೋ ಟು ದ ಸ್ಕೂಲ್.’

ಅರ್ಥ ಆಗುತ್ತೆ. ಆದ್ರೆ ಮೂರು ಸಾಲಲ್ಲಿ ಐದಾರು ಕಡೆ ಕೆಂಪು ಇಂಕು ಬೇಕು. ಯಾವುದನ್ನ ಮೊದಲು ತಿದ್ದಲಿ? ಸ್ಪ್ಯಾನಿಷ್ ಗೊತ್ತಿರೋರು, ಮೇಷ್ಟ್ರುಗಳು ಯಾರಾದ್ರೂ ಇದ್ರೆ ದಾರಿ ತೋರಿಸಿ.

ಸುಮ್ನೆ_ಓದುಗ

ಇದು ಕನ್ನಡದ ವೇದಿಕೆ ಅಲ್ವಾ ಗುರು? ಸ್ಪ್ಯಾನಿಷ್‌ನವರಿಗೆ ಇಂಗ್ಲಿಷ್ ಕಲಿಸೋದು ಇಲ್ಲಿಗ್ಯಾಕೆ ಬಂತು?

ಮ್ಯಾಡ್ರಿಡ್_ಮಸಾಲೆ

ಓದುಗರೇ, ಯಾಕೆ ಬಂತು ಅಂತ ಹೇಳ್ತೀನಿ. ಆ ಚೀಟಿನ ಕನ್ನಡಕ್ಕೆ ಪದಕ್ಕೆ ಪದ ಇಳಿಸಿ ನೋಡಿ. ‘ಹುಷಾರಿಲ್ಲ ಮಗಳಿಗೆ. ಜ್ವರ ಇದೆ. ಸ್ಕೂಲಿಗೆ ಬರೋಕಾಗಲ್ಲ.’ ಎಲ್ಲಿ ತಪ್ಪಿದೆ? ಎಲ್ಲೂ ಇಲ್ಲ. ಕನ್ನಡದಲ್ಲಿ ಸಲೀಸು, ಸ್ಪ್ಯಾನಿಷಲ್ಲೂ ಅಷ್ಟೇ ಸಲೀಸು. ಆಕೆ ತಪ್ಪು ಇಂಗ್ಲಿಷ್ ಬರೆದಿಲ್ಲ, ಇಂಗ್ಲಿಷ್ ಪದ ಹಾಕಿ ಸರಿಯಾದ ಸ್ಪ್ಯಾನಿಷ್ ಬರೆದಿದ್ದಾರೆ.

ನಾನು ಆರು ವರ್ಷ ಮ್ಯಾಡ್ರಿಡ್‌ನಲ್ಲಿದ್ದೆ. ಅಲ್ಲಿ ಕಲಿತದ್ದು ಏನಂದ್ರೆ, ಸ್ಪ್ಯಾನಿಷಲ್ಲಿ ಕರ್ತೃ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತೆ. ‘ಆಬ್ಲೊ’ ಅಂದ್ರೆ ಮಾತಾಡ್ತೀನಿ, ‘ಆಬ್ಲಾಸ್’ ಮಾತಾಡ್ತೀಯ, ‘ಆಬ್ಲಾಮೋಸ್’ ಮಾತಾಡ್ತೀವಿ. ನಮ್ಮ ಬಂದೆ, ಬಂದಳು, ಬಂದರು ಇದ್ದ ಹಾಗೇ. ನಾನು, ಅವಳು ಅಂತ ಬೇರೆ ಹೇಳಿದ್ರೆ ಒತ್ತಿ ಹೇಳಿದ ಹಾಗಾಗುತ್ತೆ. ‘ಊಟ ಆಯ್ತಾ’ ಅಂದ್ರೆ ‘ಈಗ ತಾನೇ ಮಾಡ್ದೆ’ ಅಂತೀವಿ, ‘ನಾನು’ ಎಲ್ಲಿದೆ ಅದರಲ್ಲಿ?

ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲ ಉದುರಿಹೋಗಿದೆ. ಅದಕ್ಕೇ ಕರ್ತೃವಿನ ಕುರ್ಚಿ ಖಾಲಿ ಬಿಡೋ ಹಾಗಿಲ್ಲ. ಕೂರೋಕೆ ಯಾರೂ ಇಲ್ಲದಿದ್ರೆ ‘ಇಟ್’ ಅನ್ನೋ ಡಮ್ಮಿ ಅಭ್ಯರ್ಥಿನಾದ್ರೂ ಕೂರಿಸಬೇಕು. ಇಟ್ ಇಸ್ ರೈನಿಂಗ್, ಇಟ್ ಇಸ್ ಲೇಟ್, ಇಟ್ ಇಸ್ ಇಂಪಾರ್ಟೆಂಟ್. ಸ್ಪ್ಯಾನಿಷಲ್ಲಿ ಈ ‘ಇಟ್’ಗೆ ಹೇಳೋ ಪದವೇ ಇಲ್ಲ. ‘ಎಸ್ ಇಂಪೋರ್ತಾಂತೆ’ ಅಷ್ಟೇ. ಅದರಿಂದಲೇ ‘ಇಸ್ ಇಂಪಾರ್ಟೆಂಟ್’, ‘ಇಸ್ ರೈನಿಂಗ್’ ಬರೋದು.

ನನ್ನ ಸಲಹೆ, ಎರಡು ವಾರ ಬೇರೇನೂ ತಿದ್ದಬೇಡಿ. ಖಾಲಿ ಕುರ್ಚಿ ಒಂದನ್ನೇ ಹಿಡೀರಿ.

ಧಾರವಾಡ_ಪೇಡೆ

ಮ್ಯಾಡ್ರಿಡ್‌ನವರು ಹೇಳಿದ್ದು ಖರೇ ಅದ. ನಾ ಮೂವತ್ತು ವರ್ಷ ಹೈಸ್ಕೂಲಿನ್ಯಾಗ ಇಂಗ್ಲಿಷ್ ಕಲಿಸಿ ನಿವೃತ್ತ ಆದಾಂವ. ಸ್ಪ್ಯಾನಿಷ್ ನನಗ ಮಾತಾಡ್ಲಿಕ್ಕೆ ಬರೂದಿಲ್ಲ, ವ್ಯಾಕರಣ ಓದೀನಿ ಅಷ್ಟ. ಟೆನ್ಸ್ ಚಾರ್ಟ್ ಬಗ್ಗೆ ನಾನೂ ತಪ್ಪು ಮಾಡಿದಾಂವನ, ಹಂಗಾಗಿ ನಿಮಗ ಬೈಯೂದಿಲ್ಲ.

ಕುರ್ಚಿ ಆದ ಮ್ಯಾಲ ಎರಡನೇದ್ದು ‘ಡೂ’. ಪ್ರಶ್ನೆ ಮಾಡ್ಲಿಕ್ಕೆ ನಾವು ಕ್ರಿಯಾಪದದ ಕೊನಿಗೆ ‘ಆ’ ಹಚ್ಚತೇವಿ, ಬರ್ತೀಯಾ, ತಿಂದ್ಯಾ. ಅವರು ದನಿ ಏರಿಸಿದ್ರ ಪ್ರಶ್ನೆ ಆತು. ಬರಿಯೂದ್ರಾಗ ಮಾತ್ರ ವಾಕ್ಯದ ಮೊದಲಿಗೇ ತಲಿಕೆಳಗಾದ ಪ್ರಶ್ನಚಿಹ್ನಿ ಹಾಕ್ತಾರ. ಸ್ಪೇನಿನ ರಾಯಲ್ ಅಕಾಡೆಮಿ 1754ರಾಗ ಇದನ್ನ ನಿಯಮ ಮಾಡ್ತು. ಯಾಕಂದ್ರ ಹೇಳಿಕಿಗೂ ಪ್ರಶ್ನಿಗೂ ಪದದ ಸಾಲು ಒಂದ ಇರಬಹುದು. ಉದ್ದನ ವಾಕ್ಯ ಜೋರಾಗಿ ಓದುವಾಗ ಕೊನಿಗೆ ಹೋಗಿ ಮುಟ್ಟೂತನಕ ಇದು ಪ್ರಶ್ನಿ ಅಂತ ತಿಳಿಯೂದಿಲ್ಲ.

ಇಂಗ್ಲಿಷಿಗೆ ಇದು ಯಾವುದೂ ಸಾಕಾಗೂದಿಲ್ಲ. ಅದು ಬ್ಯಾರೆ ಒಬ್ಬ ಆಳನ್ನ ಕರಸ್ತದ, ಅವನ ‘ಡೂ’. ಹಂಗಾಗಿ ಅವರು ‘ಯು ಲೈಕ್ ಕಾಫಿ?’, ‘ವೇರ್ ಯು ಲಿವ್?’, ‘ಐ ನೋ ಲೈಕ್’ ಅಂತಾರ. ಇಲ್ಲಿ ಒಂದು ಕಸರತ್ತು ಅದ, ಬೋರ್ಡ್ ಮ್ಯಾಲ ಮಾಡಿ ತೋರಸ್ರಿ. ‘ಶೀ ವರ್ಕ್ಸ್’ ಅಂತ ಬರದು ಆ ‘ಎಸ್’ ಅಕ್ಷರ ಮಾತ್ರ ಒಂದು ಚೀಟಿ ಮ್ಯಾಲ ಬರದು ಅಂಟಸ್ರಿ. ಈಗ ಪ್ರಶ್ನಿ ಮಾಡ್ರಿ. ಚೀಟಿ ಕಿತ್ತು ‘ಡೂ’ಕ್ಕ ಅಂಟಸ್ರಿ, ‘ಡಸ್ ಶೀ ವರ್ಕ್’ ಆತು. ‘ಎಸ್’ ಇರೂದು ಒಂದ, ‘ಡಸ್’ ಅದನ್ನ ಕಿಸೆದಾಗ ಹಾಕ್ಕೊಂಡು ಹೋತು, ‘ವರ್ಕ್’ ಬರಿಗೈಲೆ ನಿಂತದ. ಭೂತಕಾಲಕ್ಕೂ ಇದ ಆಟ. ‘ಡಿಡ್ ಯು ವೆಂಟ್’ ಅಂತ ನಮ್ಮ ಹುಡುಗ್ರೂ ಬರೀತಿದ್ರು, ಅದಕ್ಕೂ ಇದ ಔಷಧ.

ಹಾಸನದ_ಕಾಫಿ

ಪೇಡೆ ಸರ್, ಚೀಟಿ ಐಡಿಯಾ ಗುರುವಾರವೇ ಮಾಡ್ತೀನಿ. ನಮ್ಮಲ್ಲಿ ಹಳದಿ ಸ್ಟಿಕ್ಕಿ ನೋಟ್ ಗುಡ್ಡೆ ಬಿದ್ದಿದೆ, ಆಫೀಸಿಂದ ತರ್ತೀನಿ.

ಕುಡ್ಲ_ಕಡಲು

ನನಗೆ ಸ್ಪ್ಯಾನಿಷ್ ಗೊತ್ತಿಲ್ಲ ಮಾರಾಯ್ರೆ, ಆದ್ರೆ ಒಂದು ಸಂಗತಿ ಹೇಳ್ತೇನೆ. ನಾನು ದುಬೈಯಲ್ಲಿ ಇದ್ದಾಗ ಜೊತೆಯಲ್ಲಿ ಒಬ್ಬ ಕೊಲಂಬಿಯಾದವ ಇದ್ದ. ಅವ ಟೇಬಲ್ ತೋರಿಸಿ ‘ಮೇಸಾ’ ಅಂದ. ನಾನು ‘ಮೇಜು’ ಅಂದೆ. ‘ಪಾದ್ರೆ’ ಅಂದ, ನಾನು ‘ಪಾದ್ರಿ’ ಅಂದೆ. ಅವನಿಗೆ ಆಶ್ಚರ್ಯ. ನಮ್ಮದು ಪೋರ್ಚುಗೀಸರಿಂದ ಬಂದದ್ದು, ಅವನದ್ದು ಸ್ಪ್ಯಾನಿಷ್, ಎರಡಕ್ಕೂ ಅಜ್ಜಿ ಲ್ಯಾಟಿನ್. ನಾವು ಬೀಗದ ಕೈಗೆ ಚಾವಿ ಅಂತೇವಲ್ಲ, ಅದು ಪೋರ್ಚುಗೀಸಿನ ‘ಶಾವಿ’, ಅವನ ಬಾಯಲ್ಲಿ ಅದು ‘ಯಾವೆ’. ನಿಮ್ಮ ಕ್ಲಾಸಲ್ಲಿ ಒಮ್ಮೆ ‘ಮೇಜು’ ಹೇಳಿ ನೋಡಿ, ಮಂಜು ಕರಗ್ತದೆ.

ಗುಣವಾಚಕದ ಬಗ್ಗೆಯೂ ಅವನ ಹತ್ತಿರ ಕೇಳಿದ್ದೆ. ಅವರಿಗೆ ನಾಮಪದ ಮೊದಲು, ಬಣ್ಣ ಆಮೇಲೆ. ‘ಕಾಸಾ ಬ್ಲಾಂಕಾ’ ಅಂದ್ರೆ ಮನೆ ಬಿಳಿ. ಅಮೆರಿಕದ ಅಧ್ಯಕ್ಷರ ಮನೆಗೂ ಅವರು ಹಾಗೆಯೇ ಹೇಳುವುದು. ಮನೆ ಎರಡಾದ್ರೆ ಬಿಳಿಯೂ ಎರಡಾಗ್ಬೇಕು, ‘ಕಾಸಾಸ್ ಬ್ಲಾಂಕಾಸ್’. ಹಾಗಾಗಿ ಅವ ಇಂಗ್ಲಿಷಿನಲ್ಲಿ ‘ಶೂಸ್ ಬ್ಲ್ಯಾಕ್ಸ್’ ಕೇಳಿ ಅಂಗಡಿಯವನನ್ನು ಕಂಗಾಲು ಮಾಡಿದ್ದ. ನಮಗೆ ಇದು ಕಷ್ಟವೇ ಅಲ್ಲ, ಬಿಳಿ ಮನೆ, ಬಿಳಿ ಮನೆಗಳು, ಮುಗೀತು.

ರಾತ್ರಿಪಾಳಿ_ಬೆಂಗ್ಳೂರು

ವ್ಯಾಕರಣ ಎಲ್ಲಾ ಬಿಡಿ ಬಾಸ್. ಮಾತಾಡಿಸಿ ಸಾಕು. ನಾನು ಕಾಲ್‌ಸೆಂಟರ್‌ನಲ್ಲಿ ಇಂಗ್ಲಿಷ್ ಕಲಿತಿದ್ದು ಹಾಗೇ. ಟೆನ್ಸ್ ಅಂದ್ರೆ ಟೆನ್ಶನ್.

ಮ್ಯಾಡ್ರಿಡ್_ಮಸಾಲೆ

ರಾತ್ರಿಪಾಳಿಯವರೇ, ನೀವು ಹತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಓದಿ ಆಮೇಲೆ ಕಾಲ್‌ಸೆಂಟರ್‌ಗೆ ಹೋದವರು. ಅಡಿಪಾಯ ಇತ್ತು, ಮೇಲೆ ಬಣ್ಣ ಹೊಡೆದ್ರು. ದಿನಕ್ಕೆ ಹತ್ತು ಗಂಟೆ ಗಾರೆ ಕೆಲಸ ಮಾಡಿ, ಪಕ್ಕದಲ್ಲಿ ಎಲ್ಲರೂ ಸ್ಪ್ಯಾನಿಷೇ ಮಾತಾಡುವಾಗ ‘ಸುಮ್ನೆ ಮಾತಾಡಿ’ ಅಂದ್ರೆ ಯಾರ ಹತ್ರ ಮಾತಾಡೋದು? ಮಂಗಳವಾರ ಗುರುವಾರ ಸೇರಿ ಮೂರು ಗಂಟೆ ಸಿಕ್ಕಿದ್ರೆ ಹೆಚ್ಚು. ಅಷ್ಟರಲ್ಲಿ ಎಲ್ಲಿ ಎಡವ್ತಾರೆ ಅಂತ ನೇರವಾಗಿ ಬೆರಳಿಟ್ಟು ತೋರಿಸೋದೇ ಉಪಕಾರ.

ಹಾಸನದ_ಕಾಫಿ

ಮೂರು ವಾರದ ವರದಿ. ಹಳದಿ ಚೀಟಿ ಹಿಟ್ ಆಯ್ತು. ಒಬ್ಬ ಗಾರೆ ಮೇಸ್ತ್ರಿ ‘ಎಸ್’ ಚೀಟಿನ ಟೋಪಿಗೆ ಅಂಟಿಸ್ಕೊಂಡು ಮನೆಗೆ ಹೋದ.

ಆದ್ರೆ ಒಂದು ಅವಮಾನದ ಕಥೆ ಇದೆ, ಹೇಳಿಬಿಡ್ತೀನಿ. ಅದೇ ಮೇಸ್ತ್ರಿ ‘ಐ ಲಿವ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂತ ಬರೆದಿದ್ದ. ನಾನು ಗತ್ತಿನಿಂದ ಎದ್ದು, ತಪ್ಪು, ಸರಿಯಾದ್ದು ನೋಡಿ ಅಂತ ಬೋರ್ಡ್ ಮೇಲೆ ದೊಡ್ಡದಾಗಿ ಬರೆದೆ: ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’. ಹದಿನಾಲ್ಕು ಜನ ನೋಟ್‌ಬುಕ್ಕಿಗೆ ಇಳಿಸ್ಕೊಂಡ್ರು. ಹಿಂದೆ ಕೂತಿದ್ದ ಕೋಆರ್ಡಿನೇಟರ್ ಅಜ್ಜಿ ಕ್ಲಾಸ್ ಮುಗಿದ ಮೇಲೆ ಹತ್ರ ಬಂದು, ತುಂಬಾ ಮೆಲ್ಲಗೆ, ಅದೂ ತಪ್ಪಪ್ಪಾ ಅಂದ್ರು. ‘ಹ್ಯಾವ್ ಲಿವ್ಡ್’, ‘ಫಾರ್ ಫೈವ್ ಇಯರ್ಸ್’. ಇಪ್ಪತ್ತು ವರ್ಷದಿಂದ ನಾನು ಇಂಟರ್ವ್ಯೂಗಳಲ್ಲಿ, ಮೀಟಿಂಗ್‌ಗಳಲ್ಲಿ ಹೀಗೇ ಮಾತಾಡ್ತಿದ್ದೀನಿ. ಯಾರೂ ಹೇಳಿರಲಿಲ್ಲ!

ಕಾರಲ್ಲಿ ಕೂತು ಯೋಚನೆ ಮಾಡಿದೆ. ‘ಐದು ವರ್ಷದಿಂದ ಇಲ್ಲೇ ಇದ್ದೀನಿ.’ ನಮ್ಮಲ್ಲಿ ಇದು ಪಕ್ಕಾ ವರ್ತಮಾನ. ಇನ್ನೂ ಇದ್ದೀನಲ್ಲ, ಭೂತ ಯಾಕೆ ಬರಬೇಕು? ಇಂಗ್ಲಿಷ್ ಮಾತ್ರ ಶುರುವಾದ ದಿನದ ಕಡೆ ಒಂದು ಕಾಲು, ಇವತ್ತಿನ ಕಡೆ ಒಂದು ಕಾಲು ಇಟ್ಟು ‘ಹ್ಯಾವ್’ ಅನ್ನುತ್ತೆ. ನಾವಿಬ್ಬರೂ ಒಂದೇ ಗುಂಡಿಗೆ ಬಿದ್ದಿದ್ವಿ, ನಾನೂ ಮೇಸ್ತ್ರಿಯೂ.

ಮಂಗಳವಾರ ಹೋಗಿ, ನಾನು ಹೇಳಿಕೊಟ್ಟಿದ್ದು ತಪ್ಪು ಅಂತ ಒಪ್ಪಿಕೊಂಡು ಅಳಿಸಿ ಬರೆಸಿದೆ. ಗಡಿಯಾರ ನೋಡಿ ಹೇಳೋ ಹಾಗಿದ್ರೆ, ಕ್ಯಾಲೆಂಡರ್‌ನಲ್ಲಿ ಬೆರಳಿಡೋ ಹಾಗಿದ್ರೆ ‘ಸಿನ್ಸ್’: ಸಿನ್ಸ್ ಮಂಡೇ, ಸಿನ್ಸ್ 2019. ಎಣಿಸೋ ಹಾಗಿದ್ರೆ ‘ಫಾರ್’: ಫಾರ್ ಟೂ ಡೇಸ್, ಫಾರ್ ಫೈವ್ ಇಯರ್ಸ್. ದಂತವೈದ್ಯೆ ಮಾತ್ರ ನಗ್ತಾ ಇದ್ರು.

ಮ್ಯಾಡ್ರಿಡ್_ಮಸಾಲೆ

ಹಹ್ಹಾ, ಅಜ್ಜಿಗೆ ನಮಸ್ಕಾರ. ಸ್ಪ್ಯಾನಿಷಲ್ಲಿ ಇದಕ್ಕೆ ಇನ್ನೊಂದು ಚೆಂದದ ಪ್ರಯೋಗ ಇದೆ, ದಿನಾ ಕಿವಿಗೆ ಬೀಳೋದು. ‘ಯೇವೊ ಸಿಂಕೊ ಆನ್ಯೋಸ್ ಆಕೀ.’ ಪದಶಃ ‘ಐದು ವರ್ಷ ಹೊತ್ತಿದ್ದೀನಿ ಇಲ್ಲಿ’. ವರ್ಷಗಳನ್ನ ಮೂಟೆ ಥರ ಹೊರೋದು. ಅಲ್ಲೂ ವರ್ತಮಾನವೇ.

ಈ ಪ್ರಸಂಗದಿಂದ ನಿಮಗೊಂದು ಎಚ್ಚರಿಕೆ. ಕನ್ನಡ ಮತ್ತು ಸ್ಪ್ಯಾನಿಷ್ ಹತ್ತಿರ ಇರೋ ಕಡೆ ನೀವು ಚೆನ್ನಾಗಿ ಅರ್ಥ ಮಾಡ್ಕೊಳ್ತೀರಿ, ಆದ್ರೆ ತಪ್ಪು ನಿಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಎರಡೂ ದೂರ ಇರೋ ಕಡೆ ತಪ್ಪು ತಕ್ಷಣ ಕಾಣುತ್ತೆ, ಯಾಕೆ ಮಾಡಿದ್ರು ಅಂತ ಹೊಳೆಯಲ್ಲ. ಮನೆಯಲ್ಲಿ ಕೂತು ನಿಮ್ಮದೇ ಇಂಗ್ಲಿಷ್ ಒಮ್ಮೆ ಜರಡಿ ಹಿಡೀರಿ. ‘ಅಡ್ವೈಸಸ್’, ‘ಫರ್ನಿಚರ್ಸ್’ ಅಂತ ಹೇಳೋ ಅಭ್ಯಾಸ ಇದ್ರೆ ಅವರಿಗೂ ಅದೇ ಇದೆ, ಅವರ ಭಾಷೆಯಲ್ಲಿ ಸಲಹೆಗೂ ಪೀಠೋಪಕರಣಕ್ಕೂ ಬಹುವಚನ ಉಂಟು. ಹಾಗೇ ಹೇಳು ಅನ್ನೋ ಒಂದು ಪದಕ್ಕೆ ‘ಸೇ’, ‘ಟೆಲ್’ ಎರಡು. ಮಾಡು ಅನ್ನೋದಕ್ಕೆ ‘ಡೂ’, ‘ಮೇಕ್’ ಎರಡು. ಅವರಿಗೆ ‘ದೆಸೀರ್’, ‘ಅಸೇರ್’ ಒಂದೊಂದೇ. ಹೋಮ್‌ವರ್ಕ್ ‘ಡೂ’, ಮಿಸ್ಟೇಕ್ ‘ಮೇಕ್’. ಇದಕ್ಕೆ ಕಾರಣ ಹುಡುಕಬೇಡಿ, ಜೋಡಿಯಾಗಿ ಬಾಯಿಪಾಠ ಮಾಡಿಸಿ.

ಸುಮ್ನೆ_ಓದುಗ

ಸರಿ, ಮೊದಲು ಗೊಣಗಿದ್ದಕ್ಕೆ ಸಾರಿ. ನಾನೂ ‘ಸಿನ್ಸ್ ಟೆನ್ ಇಯರ್ಸ್’ ಗಿರಾಕಿ. ಈಗ ರೆಸ್ಯೂಮ್ ತೆಗೆದು ನೋಡ್ತಿದ್ದೀನಿ.

ಧಾರವಾಡ_ಪೇಡೆ

ಓದುಗರಿಗೆ ಸ್ವಾಗತ. ಈಗ ಒಂದು ಸಂತೋಷದ ಮಾತು ಹೇಳ್ತೀನಿ. ‘ನನಗ ಕಾಫಿ ಇಷ್ಟ’ ಅಂತೇವಲ್ಲ, ‘ನಾನು’ ಅಲ್ಲ, ‘ನನಗ’. ಇಂಗ್ಲಿಷ್ ಕಲಿಸುವಾಗ ನಮ್ಮ ಹುಡುಗ್ರಿಗೆ ಇದನ್ನ ಬಿಡಿಸಿ ‘ಐ ಲೈಕ್’ ಅನ್ನಿಸೂದಕ್ಕ ನಾ ಸಾಕಾಗಿ ಹೋಗೀನಿ. ಸ್ಪ್ಯಾನಿಷಿನ್ಯಾಗೂ ‘ಮೆ ಗುಸ್ತಾ ಎಲ್ ಕಫೆ’, ಅಂದ್ರ ನನಗ ಹಿಡಸ್ತದ ಕಾಫಿ. ಕಾಫಿನ ಕರ್ತೃ, ನಾವು ಚತುರ್ಥಿ ವಿಭಕ್ತಿ! ಪುಸ್ತಕ ಭಾಳ ಇದ್ರ ‘ಗುಸ್ತಾನ್’ ಅಂತ ಕ್ರಿಯಾಪದ ಪುಸ್ತಕದ ಬೆನ್ನು ಹತ್ತತದ. ‘ಮೆ ದುಎಲೆ ಲಾ ಕಬೇಸಾ’ ಅಂದ್ರ ‘ನನಗ ತಲಿ ನೋಯ್ತದ’. ನೋಡ್ರಿ, ಸಾವಿರಾರು ಮೈಲಿ ದೂರದ ಭಾಷಾ, ಸಂಬಂಧ ಇಲ್ಲ ಸಾರ ಇಲ್ಲ, ಅನುಭವಿಸೂ ಮನಿಷ್ಯಾನ್ನ ಇಬ್ಬರೂ ‘ಗೆ’ ಹಚ್ಚಿ ಪಕ್ಕಕ್ಕ ಕೂಡಿಸ್ಯಾರ. ಇಂಗ್ಲಿಷ್ ಅವನ್ನ ಎಳಕೊಂಡು ಬಂದು ಮುಂದಿನ ಕುರ್ಚ್ಯಾಗ ಕೂಡಸ್ತದ.

ಆದರ ಹಸಿವಿಗೆ ಬಂದ್ರ ದಾರಿ ಬ್ಯಾರೆ. ನಮಗ ಹಸಿವಿ ಆಗ್ತದ, ಅವರಿಗೆ ಹಸಿವಿ ‘ಇರ್ತದ’, ‘ತೇಂಗೊ ಆಂಬ್ರೆ’, ಐ ಹ್ಯಾವ್ ಹಂಗರ್. ಚಳಿ, ಬಾಯಾರಿಕಿ, ನಿದ್ದಿ, ಹೆದರಿಕಿ, ವಯಸ್ಸು ಎಲ್ಲಾ ಅವರ ಕಡೆ ‘ಇಟ್ಟುಕೊಳ್ಳೂ’ ಸಾಮಾನು. ಹಂಗಾಗಿ ‘ಐ ಹ್ಯಾವ್ 40 ಇಯರ್ಸ್’ ಅಂತಾರ. ಇವನ್ನೆಲ್ಲಾ ಒಂದ ಗಂಟು ಕಟ್ಟಿ ‘ಐ ಆಮ್’ ಕೆಳಗ ಬರಸ್ರಿ. ಐ ಆಮ್ ಹಂಗ್ರಿ, ಐ ಆಮ್ ಕೋಲ್ಡ್, ಐ ಆಮ್ 40. ಒಂದ ದಿನದ ಪಾಠ, ಜೀವನಪೂರ್ತಿ ಉಪಯೋಗ. ‘ಐ ಹ್ಯಾವ್ ಎ ಕೋಲ್ಡ್’ ಅಂದ್ರ ನೆಗಡಿ, ‘ಐ ಆಮ್ ಕೋಲ್ಡ್’ ಅಂದ್ರ ಚಳಿ ಅನ್ನೂದನ್ನ ಅವತ್ತ ಹೇಳ್ರಿ, ಇಲ್ಲಾಂದ್ರ ಡಾಕ್ಟರ್ ಹತ್ರ ಫಜೀತಿ.

ಹಾಸನದ_ಕಾಫಿ

ಸರ್, ‘ನನಗೆ’ ವಿಷಯ ಕ್ಲಾಸಲ್ಲಿ ಹೇಳಿದೆ. ಬೋರ್ಡ್ ಮೇಲೆ ‘ನನಗೆ ಕಾಫಿ ಇಷ್ಟ’ ಅಂತ ಕನ್ನಡ ಲಿಪಿಯಲ್ಲೇ ಬರೆದು, ಕೆಳಗೆ ಪದದಿಂದ ಪದಕ್ಕೆ ಗೆರೆ ಎಳೆದು ‘ಮೆ’, ‘ಕಫೆ’, ‘ಗುಸ್ತಾ’ ಸೇರಿಸಿದೆ. ಚೀಟಿ ಬರೆದ ತಾಯಿ ಎದ್ದು ಬಂದು ‘ನನಗೆ’ಯ ‘ಗೆ’ ಮೇಲೆ ಬೆರಳಿಟ್ಟು ಇದೇನಾ ಅಂತ ಕೇಳಿದ್ರು. ಹೌದು ಅಂದೆ. ಫೋಟೋ ತಕ್ಕೊಂಡ್ರು. ಆಮೇಲೆ ‘ಟೀಚರ್ ಆಲ್ಸೋ ಲರ್ನ್ ಇಂಗ್ಲಿಷ್’ ಅಂದ್ರು. ‘ಲರ್ನ್ಡ್’ ಅಂತ ತಿದ್ದಲಿಲ್ಲ. ಹೇಗೂ ನಾನಿನ್ನೂ ಕಲೀತಾನೇ ಇದ್ದೀನಲ್ಲ.

ಈಗ ಪ್ರಶ್ನೆ. ‘ದ’ ವಿಷಯದಲ್ಲಿ ತಲೆ ಕೆಟ್ಟಿದೆ. ಬೇಕಾದ ಕಡೆ ನಾವು ಬಿಡ್ತೀವಿ, ಬೇಡದ ಕಡೆ ಅವರು ಹಾಕ್ತಾರೆ. ‘ದ ಲೈಫ್ ಇಸ್ ಹಾರ್ಡ್’, ‘ಐ ಲೈಕ್ ದ ಕಾಫಿ’, ‘ಐ ವಾಶ್ಡ್ ದ ಹ್ಯಾಂಡ್ಸ್’. ದಂತವೈದ್ಯೆ ಮಾತ್ರ ‘ಐ ಆಮ್ ಡೆಂಟಿಸ್ಟ್’ ಅಂತಾರೆ, ಅಲ್ಲಿ ಬೇಕಾದ ‘ಎ’ ಇಲ್ಲ. ಇದೇನು ಲೆಕ್ಕ?

ಮ್ಯಾಡ್ರಿಡ್_ಮಸಾಲೆ

ಲೆಕ್ಕ ಇದೆ. ಸ್ಪ್ಯಾನಿಷಲ್ಲಿ ಒಂದು ಇಡೀ ಜಾತಿಯ ಬಗ್ಗೆ ಮಾತಾಡುವಾಗಲೂ ‘ದ’ ಬೇಕು. ‘ಲಾ ವಿದಾ ಎಸ್ ದುರಾ’, ಬದುಕು ಕಷ್ಟ. ಇಂಗ್ಲಿಷಲ್ಲಿ ಒಟ್ಟಾರೆ ಬದುಕು, ಒಟ್ಟಾರೆ ಕಾಫಿ ಅಂದ್ರೆ ಬರಿಯ ಪದ. ಈ ಲೋಟದ ಕಾಫಿ ಅಂದ್ರೆ ‘ದ’. ಕೆಲಸ, ವೃತ್ತಿ ಹೇಳುವಾಗ ಅವರಲ್ಲಿ ‘ಎ’ ಇಲ್ಲ, ‘ಸೋಯ್ ದೆಂತಿಸ್ತಾ’. ನಮ್ಮ ‘ನಾನು ಡಾಕ್ಟರ್’ ಥರಾನೇ, ‘ನಾನು ಒಂದು ಡಾಕ್ಟರ್’ ಅಂದ್ರೆ ಜನ ನಗ್ತಾರೆ.

ಕೈ ತೊಳೆಯೋದು ಇನ್ನೂ ಮಜಾ. ‘ಮೆ ಲವೇ ಲಾಸ್ ಮಾನೋಸ್.’ ಇಲ್ಲಿ ‘ಮೆ’ ಅಂದ್ರೆ ನಮ್ಮ ‘ಕೊಂಡೆ’. ಕೈ ತೊಳ್ಕೊಂಡೆ ಅಂದ್ಮೇಲೆ ಯಾರ ಕೈ ಅಂತ ಕೇಳ್ತಾರಾ? ಇಂಗ್ಲಿಷಿಗೆ ಆ ‘ಕೊಳ್ಳು’ ಇಲ್ಲ, ಅದಕ್ಕೇ ಪ್ರತಿ ಸಲ ‘ಮೈ ಹ್ಯಾಂಡ್ಸ್’ ಅಂತ ಮಾಲೀಕತ್ವ ಘೋಷಿಸಬೇಕು.

ಮಾಲೀಕತ್ವ ಅಂದಾಗ ನೆನಪಾಯ್ತು. ಅವರ ‘ಸು’ ಅನ್ನೋ ಒಂದೇ ಪದ ಅವನ, ಅವಳ, ಅದರ, ಅವರ, ನಿಮ್ಮ, ಎಲ್ಲಕ್ಕೂ. ‘ಮೈ ಸಿಸ್ಟರ್ ಅಂಡ್ ಹಿಸ್ ಹಸ್ಬೆಂಡ್’ ಅಂತ ಬರೆದ್ರೆ ಗಾಬರಿ ಆಗಬೇಡಿ.

ನ್ಯೂಜೆರ್ಸಿ_ಚಳಿ

ಇಲ್ಲೊಂದು ಉಪಯೋಗದ ಮಾತು. ನಿಮ್ಮ ಕ್ಲಾಸಲ್ಲಿ ಯಾರಾದ್ರೂ ಸಿಟಿಜನ್‌ಶಿಪ್‌ಗೆ ತಯಾರಿ ಮಾಡ್ತಿರಬಹುದು, ಕೇಳಿ ನೋಡಿ. ಆ ಇಂಟರ್ವ್ಯೂದಲ್ಲಿ ಇಂಗ್ಲಿಷ್ ಓದೋಕೆ ಮೂರು ವಾಕ್ಯ ಕೊಡ್ತಾರೆ, ಒಂದನ್ನಾದರೂ ಸರಿಯಾಗಿ ಓದಬೇಕು. ಬರೆಯೋದಕ್ಕೂ ಹಾಗೇ, ಮೂರರಲ್ಲಿ ಒಂದು. ‘ಹೂ’, ‘ವಾಟ್’, ‘ವೆನ್’, ‘ವೇರ್’ ಪ್ರಶ್ನೆಗಳು ಅಲ್ಲಿ ಬೇಕೇ ಬೇಕು, ಹಾಗಾಗಿ ಪೇಡೆ ಸರ್ ಹೇಳಿದ ‘ಡೂ’ ಪಾಠ ಅಲ್ಲಿಗೂ ಆಗುತ್ತೆ. 50 ವರ್ಷ ದಾಟಿ, ಗ್ರೀನ್ ಕಾರ್ಡ್ ಮೇಲೆ 20 ವರ್ಷ ಇಲ್ಲೇ ಇದ್ದವರಿಗೆ ಇಂಗ್ಲಿಷ್ ಭಾಗದಿಂದ ವಿನಾಯಿತಿ ಇದೆ, ದೇಶದ ಬಗ್ಗೆ ಪ್ರಶ್ನೆಗಳಿಗೆ ತಮ್ಮ ಭಾಷೆಯಲ್ಲೇ ಉತ್ತರ ಹೇಳಬಹುದು. ನಮ್ಮತ್ತೆಗೆ ಇದು ಗೊತ್ತಿಲ್ಲದೆ ಎರಡು ವರ್ಷ ಹೆದರಿಕೊಂಡೇ ಕೂತಿದ್ರು.

ಹಾಸನದ_ಕಾಫಿ

ಇಬ್ಬರಿದ್ದಾರೆ! ಥ್ಯಾಂಕ್ಸ್.

ಇನ್ನೊಂದು ನಡೆದದ್ದು. ಒಬ್ಬ ಹುಡುಗ ತನ್ನ ಬಗ್ಗೆ ಬರೀತಾ ‘ಐ ಅಸಿಸ್ಟ್ ದಿಸ್ ಕ್ಲಾಸ್ ಎವೆರಿ ಟ್ಯೂಸ್‌ಡೇ’ ಅಂದ. ಅಯ್ಯೋ ಪಾಪ ಸಹಾಯ ಮಾಡೋಕೆ ಮುಂದೆ ಬಂದಿದ್ದಾನೆ ಅಂತ ಖುಷಿಯಾಗಿ ಮುಂದಿನ ವಾರ ಅಟೆಂಡೆನ್ಸ್ ಹಾಳೆ ಅವನ ಕೈಗೆ ಕೊಟ್ಟೆ. ಅವನು ಪಿಳಿಪಿಳಿ ನೋಡಿದ. ಆಮೇಲೆ ಗೊತ್ತಾಯ್ತು, ‘ಅಸಿಸ್ತೀರ್’ ಅಂದ್ರೆ ಹಾಜರಾಗೋದು. ಹಾಳೆಗೆ ಸಹಿ ಮಾತ್ರ ನೀಟಾಗಿ ಹಾಕಿಸಿದ.

ಇನ್ನೊಬ್ಬಾಕೆ ‘ಐ ಬಾಟ್ ದಿಸ್ ಬುಕ್ ಇನ್ ದ ಲೈಬ್ರರಿ’ ಅಂದಿದ್ದಕ್ಕೆ ಕೌಂಟರ್‌ನಲ್ಲಿದ್ದವರು ತಲೆ ಎತ್ತಿ ನೋಡಿದ್ರು.

ಮ್ಯಾಡ್ರಿಡ್_ಮಸಾಲೆ

‘ಲಿಬ್ರೆರೀಯಾ’ ಅಂದ್ರೆ ಪುಸ್ತಕದಂಗಡಿ. ಗ್ರಂಥಾಲಯ ‘ಬಿಬ್ಲಿಯೋತೇಕಾ’. ‘ಕಾರ್ಪೇತಾ’ ಅಂದ್ರೆ ಫೈಲು, ರತ್ನಗಂಬಳಿ ಅಲ್ಲ. ‘ಆಕ್ತುವಾಲ್‌ಮೆಂತೆ’ ಅಂದ್ರೆ ಈಗ ಸದ್ಯಕ್ಕೆ, ‘ಆಕ್ಚುಯಲಿ’ ಅಲ್ಲ. ‘ಎಂಬಾರಸಾದಾ’ ಅಂದ್ರೆ ಗರ್ಭಿಣಿ. ಮುಜುಗರ ಆಯ್ತು ಅಂತ ಹೇಳೋಕೆ ಹೋಗಿ ನಾನೇ ಒಮ್ಮೆ ಆಫೀಸಲ್ಲಿ ಬಾಯಿಬಿಟ್ಟಿದ್ದೆ, ಅದು ಬೇರೆ ಕಥೆ.

ಆದ್ರೆ ಈ ಮೋಸದ ಗೆಳೆಯರಿಗಿಂತ ನಿಜವಾದ ಗೆಳೆಯರೇ ಜಾಸ್ತಿ. ‘ಸಿಯೋನ್’ ಬಾಲದ ಪದ ಇಂಗ್ಲಿಷಿನ ‘ಷನ್’ ಆಗುತ್ತೆ, ‘ದಾದ್’ ಬಾಲ ‘ಟಿ’ ಆಗುತ್ತೆ, ‘ಮೆಂತೆ’ ಬಾಲ ‘ಲಿ’ ಆಗುತ್ತೆ. ಉನಿವೆರ್ಸಿದಾದ್, ಯೂನಿವರ್ಸಿಟಿ. ದಂತವೈದ್ಯೆಗೆ ‘ಎಕ್ಸ್‌ಟ್ರ್ಯಾಕ್ಷನ್’ ಹೇಳಿಕೊಡಬೇಕಿಲ್ಲ, ‘ಪುಲ್ ಔಟ್’ ಹೇಳಿಕೊಡಬೇಕು. ‘ಟಾಲರೇಟ್’ ಗೊತ್ತಾಗುತ್ತೆ, ‘ಪುಟ್ ಅಪ್ ವಿತ್’ ಗೊತ್ತಾಗಲ್ಲ. ಲ್ಯಾಟಿನ್ ಕಡೆಯಿಂದ ಬಂದ ದೊಡ್ಡ ಪದ ಅವರಿಗೆ ಮನೆ ಮಾತು, ಪುಟ್ಟಪುಟ್ಟ ಇಂಗ್ಲಿಷ್ ಪದಗಳ ಜೋಡಿಯೇ ಕಬ್ಬಿಣದ ಕಡಲೆ. ನಮ್ಮ ಕಾನ್ವೆಂಟ್ ಮಕ್ಕಳಿಗೆ ತಿರುಗಾಮುರುಗಾ.

ಕುಡ್ಲ_ಕಡಲು

ಉಚ್ಚಾರದ ಬಗ್ಗೆ ಒಂದು. ನನ್ನ ಕೊಲಂಬಿಯಾ ದೋಸ್ತ ‘ಎಸ್ಕೂಲ್’, ‘ಎಸ್ಟ್ರೀಟ್’ ಅಂತಿದ್ದ. ನಮ್ಮ ಹಳ್ಳಿ ಅಜ್ಜಂದಿರ ‘ಇಸ್ಕೂಲು’ ನೆನಪಾಗ್ತಿತ್ತು. ಅವರು ಪದದ ಮೊದಲಿಗೆ ಊರುಗೋಲು ಕೊಡುವುದು, ನಾವು ಕೊನೆಗೂ ಕೊಡ್ತೇವೆ, ಬಸ್ಸು, ಕಾರು. ಅವನಿಗೆ ‘ವೋಟ್’ ಮತ್ತು ‘ಬೋಟ್’ ಒಂದೇ. ‘ಶಿಪ್’ ಮತ್ತು ‘ಶೀಪ್’ ಕೂಡ ಒಂದೇ, ಅವರಲ್ಲಿ ಹ್ರಸ್ವ ದೀರ್ಘ ಅಂತ ಇಲ್ಲವಂತೆ. ನಮಗೆ ಕಾಗುಣಿತ ಕಲಿಸುವಾಗಲೇ ಕಿ, ಕೀ ಅಂತ ಬೆತ್ತ ಹಿಡಿದು ಹೇಳಿಕೊಟ್ಟದ್ದು, ಅದೊಂದು ಲಾಭ.

ರಾತ್ರಿಪಾಳಿ_ಬೆಂಗ್ಳೂರು

ಟೆಕ್ಸಾಸ್ ಕಡೆ ಅವರು ಪಾರ್ಕ್ ಮಾಡೋದಕ್ಕೆ ‘ಪಾರ್ಕೆಯಾರ್’ ಅಂತಾರಂತೆ, ಟ್ರಕ್‌ಗೆ ‘ತ್ರೋಕಾ’, ಲಂಚ್‌ಗೆ ‘ಲೋಂಚೆ’. ಹೌದಾ? ನಮ್ಮ ‘ಪಾರ್ಕ್ ಮಾಡು’, ‘ಅಡ್ಜಸ್ಟ್ ಮಾಡು’ ಥರ. ನಾವು ‘ಮಾಡು’ ಹಾಕ್ತೀವಿ, ಅವರು ‘ಎಯಾರ್’ ಹಾಕ್ತಾರೆ. ವ್ಯಾಕರಣ ಬೇಡ ಅಂದವನು ನಾನೇ, ಈಗ ನೋಡಿ ರಾತ್ರಿ 3 ಗಂಟೆಗೆ ಇದನ್ನ ಓದ್ತಾ ಕೂತಿದ್ದೀನಿ.

ಹಾಸನದ_ಕಾಫಿ

ಹೌದು, ಮೂರೂ ಇಲ್ಲಿ ದಿನಾ ಕೇಳ್ತೀವಿ. ‘ಲೋಂಚೆ’ ಅಂತೂ ನನ್ನ ಬಾಯಿಗೂ ಬಂದುಬಿಟ್ಟಿದೆ.

ಪೂರ್ವಸರ್ಗದ ಪಾಠ ಮುಗಿಸಿದೆ, ಮುಗಿಸಿದೆ ಅನ್ನೋದಕ್ಕಿಂತ ಕೈ ಚೆಲ್ಲಿದೆ. ಅವರ ‘ಎನ್’ ಒಂದೇ, ನಮ್ಮ ‘ಅಲ್ಲಿ’ ಒಂದೇ. ಮನೆಯಲ್ಲಿ, ಬಸ್ಸಲ್ಲಿ, ಸ್ಟಾಪಲ್ಲಿ. ಇಂಗ್ಲಿಷಿಗೆ ‘ಇನ್’, ‘ಆನ್’, ‘ಅಟ್’. ‘ಡಿಪೆಂಡ್ಸ್ ಆಫ್’ ಅಂದವರಿಗೆ ‘ಆನ್’ ಅಂತ ಹೇಳುವಾಗ ನನಗೆ ‘ಅದರ ಮೇಲೆ ಡಿಪೆಂಡ್ ಆಗುತ್ತೆ’ ಅನ್ನೋ ಕನ್ನಡ ಕೈ ಹಿಡೀತು, ಅವರಿಗೆ ಹಿಡಿಯೋದಕ್ಕೆ ಏನೂ ಇಲ್ಲ. ಕಾರಿಗೆ ‘ಇನ್’, ಬಸ್ಸಿಗೆ ‘ಆನ್’ ಯಾಕೆ ಅಂತ ಮೇಸ್ತ್ರಿ ಕೇಳಿದ. ಒಳಗೆ ಎದ್ದು ಓಡಾಡೋ ಹಾಗಿದ್ರೆ ‘ಆನ್’ ಅಂತ ಅಜ್ಜಿ ಹೇಳಿದ್ರು. ಬೆಳಿಗ್ಗೆ 8 ಗಂಟೆಯ ನಮ್ಮೂರ ಸಿಟಿ ಬಸ್ ನೆನೆಸ್ಕೊಂಡು ಸುಮ್ಮನಾದೆ.

ಇವತ್ತು ಗುಡುಗು ಮಳೆ ಇಲ್ಲಿ. ಕ್ಲಾಸಿಗೆ ಮುಂಚೆ ಆ ಚೀಟಿ ತಾಯಿಯಿಂದ ಮೆಸೇಜ್ ಬಂತು:

‘ಟೀಚರ್, ಇಟ್ ಇಸ್ ರೈನಿಂಗ್ ಮಚ್. ಮೈ ಹಸ್ಬೆಂಡ್ ಹ್ಯಾಸ್ ದ ಕಾರ್. ಐ ಡೋಂಟ್ ಕ್ಯಾನ್ ಕಮ್.’

ಕುರ್ಚಿಗಳೆಲ್ಲಾ ತುಂಬಿವೆ! ‘ಇಟ್’ ಕೂಡ ಕೂತಿದೆ. ಆದ್ರೆ ‘ಡೋಂಟ್ ಕ್ಯಾನ್’ ಅನ್ನೋದು ಮೊದಲು ಇರಲಿಲ್ಲ, ಇದನ್ನ ನಾನೇ ಹಚ್ಚಿಸಿದೆನಾ ಅಂತ ಭಯ.

ಧಾರವಾಡ_ಪೇಡೆ

ಹೌದ್ರಿ, ನೀವ ಹಚ್ಚಿಸಿದ್ದು, ನಾನೂ ಪಾಲುದಾರ. ಹೆದರಬ್ಯಾಡ್ರಿ. ಮೊದಲ ‘ನೋ ಕ್ಯಾನ್’ ಅಂತ ಸ್ಪ್ಯಾನಿಷ್ ಇಳಿಸಿದ್ರು, ಈಗ ‘ಡೂ’ದ ನಿಯಮ ತಿಳಕೊಂಡು ಅದನ್ನ ಸಿಕ್ಕಲ್ಲೆಲ್ಲಾ ಹಚ್ಚಲಿಕ್ಕೆ ಹತ್ಯಾರ. ಇದು ಕಲಿತವರು ಮಾಡೂ ತಪ್ಪು. ಸಣ್ಣ ಕೂಸು ‘ಗೋಡ್’, ‘ಕಮ್ಡ್’ ಅಂದಂಗ.

‘ಕ್ಯಾನ್’, ‘ವಿಲ್’, ‘ಮಸ್ಟ್’, ‘ಶುಡ್’, ಇವಕ್ಕ ಆಳು ಬೇಕಾಗಿಲ್ಲ, ತಮ್ಮ ಸಾಮಾನು ತಾವ ಹೊರ್ತಾವ. ‘ಕ್ಯಾಂಟ್’, ‘ವೋಂಟ್’. ಪ್ರಶ್ನಿಗೂ ತಾವ ಮುಂದ ಜಿಗೀತಾವ, ‘ಕ್ಯಾನ್ ಯು’. ‘ಎಸ್’ ಚೀಟಿನೂ ಇವಕ್ಕ ಅಂಟೂದಿಲ್ಲ, ‘ಶೀ ಕ್ಯಾನ್ಸ್’ ಇಲ್ಲ. ಹಳದಿ ಚೀಟಿ ಅಂಟಿಸಿ, ಕೆಳಗ ಬೀಳೂದನ್ನ ತೋರಸ್ರಿ.

ಹಾಸನದ_ಕಾಫಿ

ಸರಿ ಸರ್. ಆಕೆಗೆ ‘ಓಕೆ, ಸ್ಟೇ ಹೋಮ್, ಸೀ ಯು ಥರ್ಸ್‌ಡೇ’ ಅಂತ ಹಾಕಿದ್ದೀನಿ. ಗುರುವಾರ ‘ಕ್ಯಾನ್’. ಮಳೆ ನಿಂತ್ರೆ.